ಕೋಡಿಯಿಲ್ಲದ ಕೆರೆ: ಕೇದಾರನಾಥದ ಮೇಲಿನ ಚೋರಾಬಾರಿ ತಾಲ್ ಒಡೆದ ಬಗೆ

2013ರ ಜೂನ್ 17ರಂದು ಬೆಳಗ್ಗೆ 6.45ರ ಸುಮಾರಿಗೆ ಕೇದಾರನಾಥದಿಂದ ಎರಡು ಕಿಲೋಮೀಟರ್ ಮೇಲಿದ್ದ ಚೋರಾಬಾರಿ ತಾಲ್ ಒಡೆಯಿತು. ಐದರಿಂದ ಹತ್ತು ನಿಮಿಷದೊಳಗೆ ಕೆರೆ ಪೂರ್ತಿ ಬರಿದಾಯಿತು. ಹಿಮನದಿಯ ಅಧ್ಯಯನಕ್ಕೆಂದು ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆ ಅಲ್ಲಿ ಶಿಬಿರ ಇಟ್ಟಿತ್ತು. ಶಿಬಿರ ಕಾಯುತ್ತಿದ್ದ ಸಿಬ್ಬಂದಿ ಇದನ್ನು ಕಣ್ಣಾರೆ ಕಂಡದ್ದರಿಂದಲೇ ಸಮಯ ಇಷ್ಟು ನಿಖರವಾಗಿ ಸಿಕ್ಕಿದೆ. ಹಿಮಾಲಯದಲ್ಲಿ ಕೆರೆ ಒಡೆದ ಪ್ರಕರಣಗಳು ಹಲವಿವೆ. ಆದರೆ ಮಳೆಮಾಪಕವೂ ನೋಡುವ ಕಣ್ಣೂ ಸ್ಥಳದಲ್ಲೇ ಇದ್ದ ಪ್ರಕರಣಗಳು ತೀರಾ ಕಡಿಮೆ.

ಕೆರೆಯ ಅಳತೆ ಹೀಗಿತ್ತು: ಉದ್ದ ಸುಮಾರು 400 ಮೀಟರ್, ಅಗಲ 200 ಮೀಟರ್, ಆಳ 15ರಿಂದ 20 ಮೀಟರ್, ಸಮುದ್ರ ಮಟ್ಟದಿಂದ ಎತ್ತರ 3,960 ಮೀಟರ್. ಅಂದರೆ ಹೆಚ್ಚೆಂದರೆ ಎಂಟು ಹೆಕ್ಟೇರ್, ಇಪ್ಪತ್ತು ಎಕರೆ. ನಮ್ಮ ಬಯಲುಸೀಮೆಯ ಸಾಧಾರಣ ಊರಕೆರೆಯೂ ಇದಕ್ಕಿಂತ ದೊಡ್ಡದಿರುತ್ತದೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಇಲ್ಲಿ ವಿಸರ್ಜಿಸಿದ ಮೇಲೆ ಇದಕ್ಕೆ ಗಾಂಧಿ ಸರೋವರ ಎಂಬ ಹೆಸರೂ ಬಂತು. ಕೇದಾರದ ಮುಖ್ಯ ಅರ್ಚಕರಾದ ರಾವಲರು ಕರ್ನಾಟಕ ಮೂಲದ ವೀರಶೈವ ಪರಂಪರೆಯವರಾದ್ದರಿಂದ ನಮ್ಮ ಕಡೆಯ ಯಾತ್ರಿಕರಿಗೂ ಈ ಜಾಗದ ಬಳಕೆ ಹಳೆಯದು. ದೇವರ ದರ್ಶನ ಮುಗಿಸಿ, ಉಸಿರಿದ್ದವರು ಕೆರೆಯವರೆಗೂ ಹತ್ತಿ ಬರುತ್ತಿದ್ದರು.

ಇಷ್ಟು ಸಣ್ಣ ಕೆರೆ ಇಷ್ಟು ದೊಡ್ಡ ಅನಾಹುತಕ್ಕೆ ಹೇಗೆ ಕಾರಣವಾಯಿತು ಎಂಬ ಪ್ರಶ್ನೆಗೆ ಉತ್ತರ ಅದರ ಗಾತ್ರದಲ್ಲಿ ಸಿಗುವುದಿಲ್ಲ. ಕೆರೆ ಎಲ್ಲಿ ಕೂತಿತ್ತು, ಅದರ ಏರಿ ಯಾವುದರಿಂದ ಆಗಿತ್ತು, ಹೆಚ್ಚಾದ ನೀರು ಹೊರಗೆ ಹೋಗಲು ದಾರಿ ಇತ್ತೇ ಎಂಬುದನ್ನು ನೋಡಬೇಕು.

ಕೆರೆ ಕೂತ ಜಾಗ

ಚೋರಾಬಾರಿ ಹಿಮನದಿ ಕೇದಾರನಾಥ ಶಿಖರಗಳ ದಕ್ಷಿಣ ಮುಖದಿಂದ ಇಳಿಯುತ್ತದೆ. ಉದ್ದ ಸುಮಾರು ಏಳು ಕಿಲೋಮೀಟರ್. ಕೆಳಭಾಗದಲ್ಲಿ ಮಂಜುಗಡ್ಡೆ ಕಣ್ಣಿಗೇ ಬೀಳುವುದಿಲ್ಲ, ಮೇಲೆಲ್ಲ ಕಲ್ಲುಮಣ್ಣಿನ ಹೊದಿಕೆ. ಹಿಮನದಿ ಹರಿಯುವಾಗ ಎರಡೂ ಬದಿಗೆ ಕಲ್ಲು, ಮರಳು, ಪುಡಿಮಣ್ಣು ತಳ್ಳಿ ಉದ್ದುದ್ದ ದಿಬ್ಬ ಕಟ್ಟುತ್ತದೆ. ಇವೇ ಪಾರ್ಶ್ವ ಮೊರೇನುಗಳು. ಹಿಮನದಿ ದಪ್ಪಗಿದ್ದ ಕಾಲದಲ್ಲಿ ಕಟ್ಟಿದ ದಿಬ್ಬ, ಅದು ಸೊರಗಿದ ಮೇಲೂ ಹಾಗೇ ನಿಂತಿರುತ್ತದೆ. ದಿಬ್ಬಕ್ಕೂ ಬೆಟ್ಟದ ಗೋಡೆಗೂ ನಡುವೆ ಒಂದು ತಗ್ಗು ಉಳಿಯುತ್ತದೆ. ಚೋರಾಬಾರಿ ತಾಲ್ ಇದ್ದದ್ದು ಬಲದಂಡೆಯ ಮೊರೇನಿನ ಹೊರಬದಿಯ ಇಂಥ ತಗ್ಗಿನಲ್ಲಿ.

‘ಹಿಮನದಿ ಕೆರೆ’ ಅಂದಕೂಡಲೇ ಹಿಮನದಿಯ ಮೂತಿಗೆ ಅಂಟಿಕೊಂಡು, ಅದರ ಕರಗುನೀರಿನಿಂದ ವರ್ಷವರ್ಷ ಬೆಳೆಯುವ ಕೆರೆಯನ್ನು ಎಲ್ಲರೂ ಊಹಿಸುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನಲ್ಲಿ ಒಡೆದ ದಕ್ಷಿಣ ಲ್ಹೊನಾಕ್ ಆ ಜಾತಿಯದು. ಚೋರಾಬಾರಿ ತಾಲ್ ಹಾಗಲ್ಲ. ಅದರ ಏರಿಯನ್ನು ಹಿಮನದಿ ಕಟ್ಟಿಕೊಟ್ಟಿತ್ತು, ಅಷ್ಟೇ. ನೀರು ಬರುತ್ತಿದ್ದದ್ದು ಸುತ್ತಲಿನ ಇಳಿಜಾರಿನ ಹಿಮ ಕರಗಿ ಮತ್ತು ಮಳೆಯಿಂದ. ಹಾಗಾಗಿ ನೀರಿನ ಮಟ್ಟ ಋತುವಿನ ಜೊತೆ ಏರಿಳಿಯುತ್ತಿತ್ತು. ಇಂಥ ಕೆರೆಯನ್ನು ಯಾವ ತಿಂಗಳಲ್ಲಿ ನೋಡಿದಿರಿ ಎಂಬುದರ ಮೇಲೆ ಅದು ಅಪಾಯವೋ ಅಲ್ಲವೋ ಎಂಬ ಅಭಿಪ್ರಾಯವೇ ಬದಲಾಗುತ್ತದೆ. ಉಪಗ್ರಹ ಚಿತ್ರ ನೋಡಿ ಕೆರೆಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ ಮಳೆಗಾಲ ಕಳೆದು ಆಕಾಶ ತಿಳಿಯಾದ ಅಕ್ಟೋಬರ್-ನವೆಂಬರ್ ಚಿತ್ರಗಳನ್ನು ಆರಿಸುತ್ತಾರೆ. ಹಿಮನದಿಯ ನೀರಿನಿಂದ ತುಂಬುವ ದೊಡ್ಡ ಕೆರೆಗೆ ಆ ಕ್ರಮ ಸರಿ. ಜೂನ್-ಜುಲೈನಲ್ಲಿ ತುಂಬಿ ಆಮೇಲೆ ಬಸಿದುಹೋಗುವ ಕೆರೆಗೆ ಅದು ತಪ್ಪು ತಿಂಗಳು. ತುಂಬುವ ತಿಂಗಳುಗಳಲ್ಲಿ ಮೋಡ ಕವಿದಿರುವುದರಿಂದ ಸಾಮಾನ್ಯ ಕ್ಯಾಮೆರಾ ಚಿತ್ರದಲ್ಲಿ ಏನೂ ಕಾಣದು, ರೇಡಾರ್ ಚಿತ್ರವೇ ಬೇಕು.

ಇನ್ನೊಂದು ಮುಖ್ಯ ವಿಷಯ: ಈ ಕೆರೆಗೆ ಮೇಲಿನಿಂದ ಹರಿದುಹೋಗುವ ಕೋಡಿ ಇರಲಿಲ್ಲ. ತಳದಲ್ಲಿ ಕಲ್ಲುಗಳ ಸಂದಿಯ ಕಿರಿದಾದ ದಾರಿಗಳಲ್ಲಿ ನೀರು ಒಸರಿ ಹೊರಬರುತ್ತಿತ್ತು. ಸಾಧಾರಣ ವರ್ಷಗಳಲ್ಲಿ ಅಷ್ಟು ಸಾಕಾಗುತ್ತಿತ್ತು. ಏರಿಯ ಮೇಲೆ ನೀರು ಹತ್ತದೆ ಎಷ್ಟೋ ಮಳೆಗಾಲ ಕಳೆದಿದ್ದವು, ಅದರಿಂದ ಏರಿ ಭದ್ರ ಎಂಬ ಭಾವನೆಯೂ ಬೆಳೆದಿರಬೇಕು.

ಕಲ್ಲು ಯಾವುದು, ಮಣ್ಣು ಯಾವುದು

ಕೇದಾರನಾಥದ ಸುತ್ತಲಿನ ಬಂಡೆ ಉನ್ನತ ಹಿಮಾಲಯದ ಸ್ಫಟಿಕೀಯ ಶಿಲಾಸಮೂಹಕ್ಕೆ ಸೇರಿದ್ದು. ಒಂದು ಶಿಲಾರಾಶಿ ಇನ್ನೊಂದರ ಮೇಲೇರಿ ಕೂತ ಬಿರುಕಾದ ಪಿಂಡಾರಿ ಥ್ರಸ್ಟ್‌ನಿಂದ ಉತ್ತರಕ್ಕೆ ಬಯೊಟೈಟ್ ನೈಸ್, ಶಿಸ್ಟ್, ಕ್ಯಾಲ್ಕ್-ಸಿಲಿಕೇಟ್ ಶಿಲೆ, ನಡುನಡುವೆ ಗ್ರಾನೈಟ್ ಮತ್ತು ಪೆಗ್ಮಟೈಟ್ ಸಿರಗಳು ಸಿಗುತ್ತವೆ. ಕೆಳಕಣಿವೆಯಲ್ಲಿ ಮೇನ್ ಸೆಂಟ್ರಲ್ ಥ್ರಸ್ಟ್ ಎಂಬ ಅಂಥದ್ದೇ ದೊಡ್ಡ ಬಿರುಕು ಹಾದುಹೋಗುವುದರಿಂದ ಇಡೀ ಮಂದಾಕಿನಿ ನದಿಯ ಕಣಿವೆಯ ಬಂಡೆ ಜಜ್ಜಿ ಬಿರುಕು ಬಿಟ್ಟಿದೆ.

ಏರಿಯ ಗುಣ ತೀರ್ಮಾನವಾಗುವುದು ಈ ಬಂಡೆಯಿಂದ. ನೈಸ್ ದೊಡ್ಡ ದೊಡ್ಡ ಗುಂಡುಗಳಾಗಿ ಒಡೆಯುತ್ತದೆ. ಶಿಸ್ಟ್ ಅಭ್ರಕ ತುಂಬಿದ ಪದರು ಪದರಾದ ಕಲ್ಲು, ಹಿಮನದಿಯ ಅಡಿಯಲ್ಲಿ ಸಿಕ್ಕಿ ಬೇಗ ಪುಡಿಯಾಗುತ್ತದೆ. ಹಾಗಾಗಿ ಮೊರೇನಿನಲ್ಲಿ ಮನೆಯಷ್ಟು ಗುಂಡೂ ಇರುತ್ತದೆ, ಹಿಟ್ಟಿನಂಥ ಹೂಳೂ ಇರುತ್ತದೆ. ನದಿ ತಂದ ಮರಳಿನಂತೆ ಇದು ಜರಡಿ ಹಿಡಿದ ಸರಕಲ್ಲ. ಜೇಡಿ ಕಡಿಮೆ ಇರುವುದರಿಂದ ಅಂಟು ಕಡಿಮೆ, ಹೂಳು ಹೆಚ್ಚಿರುವುದರಿಂದ ನೀರಿಗೆ ಸಿಕ್ಕರೆ ಬೇಗ ಕೊಚ್ಚಿ ಹೋಗುತ್ತದೆ. ಒಣಗಿದ್ದಾಗ ಇದೇ ದಿಬ್ಬ ಕಡಿದಾದ ಗೋಡೆಯಂತೆ ನಿಂತಿರುತ್ತದೆ, ಪಿಕಾಸಿಗೂ ಬಗ್ಗದು. ನೋಡಿ ಮೋಸಹೋಗುವುದು ಇಲ್ಲೇ.

ಹಿಮನದಿ ಸೊರಗಿದ ಮೇಲೆ ಮೊರೇನಿನ ಒಳಮುಖಕ್ಕೆ ಮಂಜುಗಡ್ಡೆಯ ಆಸರೆ ತಪ್ಪುತ್ತದೆ. ಆ ಮುಖ ಕಡಿದಾಗಿ, ಗಿಡಮರವಿಲ್ಲದೆ, ಮಳೆಗೆ ಕೊರಕಲು ಬೀಳುತ್ತಾ ಹೋಗುತ್ತದೆ. ಕೆರೆ ಹೊರಬದಿಗೆ ಇದ್ದರೆ ಅದರ ಏರಿಯ ಕೆಳಮುಖ ಎಂದರೆ ಈ ಕೊರಕಲು ಬಿದ್ದ ಮುಖವೇ.

ಕಾಲದ ಅಂದಾಜೂ ಸಿಕ್ಕಿದೆ. ಹಳೆಯ ಮೊರೇನುಗಳ ಮರಳಿನ ಕಣಗಳು ಕೊನೆಯ ಸಲ ಬೆಳಕು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನದಿಂದ, ಸುಮಾರು 13 ಸಾವಿರ ವರ್ಷಗಳ ಹಿಂದೆ ಈ ಹಿಮನದಿ ಕೆಳಗೆ ರಾಮ್‌ಬಾಡಾದವರೆಗೆ, 2,800 ಮೀಟರ್ ಎತ್ತರದವರೆಗೆ ಬಂದಿತ್ತೆಂದು ತಿಳಿದಿದೆ. ಆಮೇಲೆ ಹಂತ ಹಂತವಾಗಿ ಹಿಂದೆ ಸರಿಯಿತು. ಕೇದಾರನಾಥದ ಹಂತ ಸುಮಾರು 5 ಸಾವಿರ ವರ್ಷದ ಹಿಂದಿನದು. ಕಲ್ಲುಹೂವಿನ ಬೆಳವಣಿಗೆ ಅಳೆದ ಇನ್ನೊಂದು ಅಧ್ಯಯನದ ಪ್ರಕಾರ ಈಚಿನ ಹಿಂಜರಿತ ಶುರುವಾದದ್ದು 18ನೆಯ ಶತಮಾನದ ಮಧ್ಯದಲ್ಲಿ. ಅಂದರೆ ಇಡೀ ಕಣಿವೆಯ ನೆಲವೇ ಹಿಮನದಿ ಬಿಟ್ಟುಹೋದ ಸಡಿಲ ಸರಕು. ಊರು ಕಟ್ಟಿದ್ದೂ ಅದರ ಮೇಲೆ.

ನೀರಿನ ಲೆಕ್ಕ

ಆ ವರ್ಷ ಮುಂಗಾರು ಅವಸರದಲ್ಲಿತ್ತು. ಆಗಿನ ವಾಡಿಕೆಯ ಲೆಕ್ಕದಂತೆ ಜುಲೈ 15ರ ಹೊತ್ತಿಗೆ ಇಡೀ ದೇಶವನ್ನು ಆವರಿಸಬೇಕಾದದ್ದು ಜೂನ್ 16ಕ್ಕೇ ಆವರಿಸಿತು. ಪಶ್ಚಿಮದಿಂದ ಬಂದ ಮಾರುತ ವ್ಯವಸ್ಥೆಯೊಂದು ಅದಕ್ಕೆ ಕೇದಾರನಾಥವಿರುವ ಗಢವಾಲ ಸೀಮೆಯ ಮೇಲೆ ಎದುರಾಯಿತು. ಶಿಬಿರದ ಮಾಪಕದಲ್ಲಿ ಜೂನ್ 15ರ ಸಂಜೆ 5ರಿಂದ 16ರ ಬೆಳಗ್ಗೆ 5ರವರೆಗೆ 210 ಮಿಲಿಮೀಟರ್, ಅಲ್ಲಿಂದ ಸಂಜೆ 5ರವರೆಗೆ 115 ಮಿಲಿಮೀಟರ್, ಒಟ್ಟು 24 ಗಂಟೆಯಲ್ಲಿ 325 ಮಿಲಿಮೀಟರ್ ಮಳೆ ದಾಖಲಾಯಿತು.

ಇದನ್ನು ಮೇಘಸ್ಫೋಟ ಎಂದು ಪತ್ರಿಕೆಗಳು ಬರೆದವು, ಇಂದಿಗೂ ಬರೆಯುತ್ತವೆ. ಹವಾಮಾನ ಇಲಾಖೆಯ ವ್ಯಾಖ್ಯೆಯಂತೆ ಮೇಘಸ್ಫೋಟ ಎಂದರೆ ಸಣ್ಣ ಪ್ರದೇಶದಲ್ಲಿ ಗಂಟೆಗೆ 100 ಮಿಲಿಮೀಟರ್ ಮುಟ್ಟುವ ಮಳೆ. ಇಲ್ಲಿ ಅತಿ ಜೋರಾಗಿದ್ದ 12 ಗಂಟೆಗಳ ಸರಾಸರಿಯೇ ಗಂಟೆಗೆ 17.5 ಮಿಲಿಮೀಟರ್. ಆಗುಂಬೆಯವರು ಈ ಮಳೆಗೆ ಹುಬ್ಬೇರಿಸಲಿಕ್ಕಿಲ್ಲ. ಆದರೆ ಸುಮಾರು ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ಹಿಮ ಇನ್ನೂ ಹಾಸಿಕೊಂಡಿರುವಾಗ, ಬಿಡದೆ ಸುರಿಯುವ ಹದವಾದ ಮಳೆ ಒಂದು ಗಂಟೆಯ ಅಬ್ಬರಕ್ಕಿಂತ ಕೆಟ್ಟದ್ದು. ‘ಮೇಘಸ್ಫೋಟ’ ಎಂದು ಹೆಸರಿಟ್ಟು ಕೈತೊಳೆದುಕೊಂಡರೆ ಕೆರೆಯನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ.

ಒಂದು ಚದರ ಕಿಲೋಮೀಟರ್ ಇಳಿಜಾರಿನ ಮೇಲೆ 325 ಮಿಲಿಮೀಟರ್ ಮಳೆ ಬಿದ್ದರೆ 3.25 ಲಕ್ಷ ಘನ ಮೀಟರ್ ನೀರು. ಬರಿಯ ನೆಲವಾಗಿದ್ದರೆ ಸ್ವಲ್ಪವಾದರೂ ಇಂಗುತ್ತಿತ್ತು. ಜೂನ್ ಮಧ್ಯದ ಹಿಮ ಆಗಲೇ ಸೊನ್ನೆ ಡಿಗ್ರಿಗೆ ಬಂದು ಒದ್ದೆಯಾಗಿರುತ್ತದೆ. ಅಂಥ ಹಿಮ ಮಳೆನೀರನ್ನು ಹಿಡಿದಿಡದೆ ಕೆಳಕ್ಕೆ ಬಿಡುತ್ತದೆ. ಮಳೆಯ ಬಿಸಿಯೇ ಹಿಮವನ್ನು ಕರಗಿಸಿತು ಎನ್ನುವ ವಿವರಣೆ ಲೆಕ್ಕಕ್ಕೆ ನಿಲ್ಲುವುದಿಲ್ಲ: 5 ಡಿಗ್ರಿಯ 325 ಮಿಲಿಮೀಟರ್ ಮಳೆ ಕರಗಿಸುವುದು ಸುಮಾರು 20 ಮಿಲಿಮೀಟರ್ ನೀರಾಗುವಷ್ಟು ಹಿಮವನ್ನು ಮಾತ್ರ. ಹೆಚ್ಚು ಕರಗಿಸುವುದು ಬೆಚ್ಚಗಿನ ತೇವದ ಗಾಳಿ. ಅದರ ಆವಿ ಹಿಮದ ಮೇಲೆ ಒಂದು ಮಿಲಿಮೀಟರ್ ಸಾಂದ್ರವಾದರೆ ಬಿಡುಗಡೆಯಾಗುವ ಶಾಖ ಏಳು ಮಿಲಿಮೀಟರಿಗೂ ಹೆಚ್ಚು ಹಿಮನೀರು ಹೊರಡಿಸುತ್ತದೆ. ಮೋಡ ಕವಿದ, ಗಾಳಿಯಾಡುವ, ಮಳೆ ಬಿಡದ ರಾತ್ರಿಗಳಲ್ಲಿ ಹಿಮ ಬೇಗ ಕರಗುವುದು ಇದರಿಂದ.

ಈಗ ಹೊರಹರಿವು. ಏರಿಯ ಬುಡದಲ್ಲಿ ಒಸರುವ ನೀರನ್ನು 90 ಡಿಗ್ರಿಯ ವಿ-ಆಕಾರದ ಗಂಡಿಯಲ್ಲಿ ಹರಿಸಿ ಅಳೆಯುತ್ತೇವೆ ಎಂದುಕೊಳ್ಳಿ. ಗಂಡಿಯ ಮೇಲೆ ನೀರು 30 ಸೆಂಟಿಮೀಟರ್ ನಿಂತರೆ ಹರಿವು ಸೆಕೆಂಡಿಗೆ ಸುಮಾರು 68 ಲೀಟರ್. ನೋಡಲು ಜೋರಾದ ಹಳ್ಳದಂತಿರುತ್ತದೆ. ಆದರೆ ಇಡೀ ದಿನಕ್ಕೆ ಅದು ಸಾಗಿಸುವುದು 5,900 ಘನ ಮೀಟರ್. ಮೇಲಿನ ಒಂದು ಚದರ ಕಿಲೋಮೀಟರಿನ ಮಳೆಯಷ್ಟನ್ನೇ ಹೊರಹಾಕಲು ಅದಕ್ಕೆ 55 ದಿನ ಬೇಕು. ನೀರು ಏರಿದಂತೆ ಒತ್ತಡ ಹೆಚ್ಚಿ ಒಸರೂ ಹೆಚ್ಚುತ್ತದೆ ನಿಜ, ಆದರೆ ಮಟ್ಟ ಎರಡು ಪಟ್ಟಾದರೆ ಒಸರೂ ಸರಿಸುಮಾರು ಎರಡು ಪಟ್ಟು, ಅಷ್ಟೇ. ಒಳಹರಿವು ಹತ್ತಾರು ಪಟ್ಟಾಗುವಾಗ ಇದು ಯಾವ ಲೆಕ್ಕಕ್ಕೂ ಬಾರದು.

ಏರಿ ಹೋದದ್ದು

ಅನಾಹುತ ಎರಡು ಸಲ ಬಂತು. ಮೊದಲನೆಯದು ಜೂನ್ 16ರ ಸಂಜೆ 5.15ಕ್ಕೆ, ಮತ್ತು ಅದು ಕೆರೆಯದ್ದಲ್ಲ. ಸರಸ್ವತಿ ಮತ್ತು ದೂಧ್‌ಗಂಗಾ ಹಳ್ಳಗಳು ಉಕ್ಕಿ, ಕೊರಕಲುಗಳ ಮೊರೇನ್ ಸರಕನ್ನೆಲ್ಲ ಹೊತ್ತು ಊರಿನ ಮೇಲ್ಭಾಗಕ್ಕೆ ನುಗ್ಗಿದವು. ಶಂಕರಾಚಾರ್ಯ ಸಮಾಧಿ ಹೋದದ್ದು ಆಗಲೇ. ಮಾರನೆಯ ಬೆಳಗ್ಗೆ ಬಂದದ್ದು ಕೆರೆ.

ಆ ರಾತ್ರಿಯಿಡೀ ಕೆರೆಯಲ್ಲಿ ನಡೆದದ್ದನ್ನು ಮೂರು ಕೆಲಸಗಳಾಗಿ ಬಿಡಿಸಬಹುದು, ಆದರೆ ಮೂರೂ ಒಟ್ಟಿಗೇ ಸಾಗಿದ್ದವು. 15 ಮೀಟರ್ ಆಳದ ತಳದಲ್ಲಿ ನೀರಿನ ಒತ್ತಡ ಚದರ ಮೀಟರಿಗೆ 15 ಟನ್. ಏರಿಯ ಮಣ್ಣಿನ ಸಂದಿಗಳಲ್ಲಿ ನೀರು ತುಂಬಿದಂತೆ ಕಣಕ್ಕೂ ಕಣಕ್ಕೂ ನಡುವಿನ ಒತ್ತು ಸಡಿಲಾಗಿ, ದಿಬ್ಬದ ಜಾರುವಿಕೆ ತಡೆಯುವ ಶಕ್ತಿ ಇಳಿಯುತ್ತದೆ. ಒಸರುವ ನೀರು ಕೆಳಮುಖದಿಂದ ಹೂಳನ್ನು ಹೊತ್ತು ತರಲು ಶುರುಮಾಡಿ ಒಳಗೊಳಗೇ ಬಿಲ ಕೊರೆಯುತ್ತದೆ. ಕೊನೆಗೆ ಮಟ್ಟ ಏರಿಯ ತಲೆಯ ಅತಿ ತಗ್ಗಾದ ಜಾಗ ಮುಟ್ಟಿ ಆಚೆ ಹೊರಳುತ್ತದೆ.

ಅಲ್ಲಿಂದ ಮುಂದೆ ಉಳಿಯುವುದು ನಿಮಿಷಗಳು. ಕಡಿದಾದ ಕೆಳಮುಖದಲ್ಲಿ ವೇಗ ಪಡೆದ ನೀರು ಬುಡದಿಂದ ಕೊರೆಯುತ್ತಾ ತಲೆಯ ಕಡೆಗೆ ಹತ್ತುತ್ತದೆ. ಹೂಳು, ಮರಳು ಹೋದಮೇಲೆ ಗುಂಡುಗಳಿಗೆ ಹಾಸಿಗೆ ತಪ್ಪಿ ಅವೂ ಉರುಳುತ್ತವೆ. ಕಂಡಿ ತಗ್ಗಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಾದಷ್ಟೂ ಕಂಡಿ ಆಳ. ಕೆರೆ ಖಾಲಿಯಾಗುವವರೆಗೆ ಇದು ನಿಲ್ಲದು.

ಎಷ್ಟು ನೀರು? ಉದ್ದ, ಅಗಲ, ಆಳ ಗುಣಿಸಿದರೆ 12 ಲಕ್ಷ ಘನ ಮೀಟರ್ ಬರುತ್ತದೆ, ಆದರೆ ಕೆರೆ ಪೆಟ್ಟಿಗೆಯಲ್ಲ. ಬೋಗುಣಿಯ ಆಕಾರಕ್ಕೆ ಕಳೆದರೆ ನಾಲ್ಕರಿಂದ ಐದು ಲಕ್ಷ ಘನ ಮೀಟರ್ ನ್ಯಾಯವಾದ ಅಂದಾಜು. 4.3 ಲಕ್ಷ ಹತ್ತು ನಿಮಿಷದಲ್ಲಿ ಹೋದರೆ ಸರಾಸರಿ ಸೆಕೆಂಡಿಗೆ 700 ಘನ ಮೀಟರಿಗಿಂತ ತುಸು ಹೆಚ್ಚು, ಅಂದರೆ 25 ಸಾವಿರ ಕ್ಯುಸೆಕ್. ಐದೇ ನಿಮಿಷ ಎಂದಾದರೆ 50 ಸಾವಿರ ಕ್ಯುಸೆಕ್.

ಕೆರೆಯಿಂದ ಊರಿಗೆ ಇಳಿತ ಸುಮಾರು 400 ಮೀಟರ್, ದೂರ ಎರಡು ಕಿಲೋಮೀಟರ್. ಐದು ಮೀಟರಿಗೆ ಒಂದು ಮೀಟರ್ ಇಳಿಜಾರು. ಸೆಕೆಂಡಿಗೆ 5 ಮೀಟರ್ ವೇಗ ಹಿಡಿದರೂ ಏಳು ನಿಮಿಷಕ್ಕೆ ಊರು ಸಿಗುತ್ತದೆ. ದಾರಿಯಲ್ಲಿ ಮೊರೇನ್ ಸರಕನ್ನೂ ಹಿಂದಿನ ಸಂಜೆ ಬಂದು ಬಿದ್ದಿದ್ದ ಹಸಿ ಕಲ್ಲುಮಣ್ಣನ್ನೂ ಎತ್ತಿಕೊಂಡದ್ದರಿಂದ ಊರು ಮುಟ್ಟಿದ್ದು ನೀರಲ್ಲ, ಕಲ್ಲು ಬೆರೆತ ಗಟ್ಟಿ ಹರಿವು. ಸಾಂದ್ರತೆ ಹೆಚ್ಚಿದಂತೆ ಗುಂಡುಗಳ ತೂಕ ಹರಿವಿನೊಳಗೆ ಹಗುರಾಗುತ್ತದೆ. ದೇವಸ್ಥಾನದ ಹಿಂದೆ ಬಂದು ನಿಂತು ಹರಿವನ್ನು ಸೀಳಿದ, ಈಗ ಭೀಮಶಿಲೆ ಎಂದು ಪೂಜೆಗೊಳ್ಳುವ ಬಂಡೆ ಅಷ್ಟು ದೂರ ಬಂದದ್ದು ಹೀಗೆ.

ಊರು ಕೂತ ಜಾಗ

ಚೋರಾಬಾರಿ ಮತ್ತು ಅದರ ಪಕ್ಕದ ಕಂಪ್ಯಾನಿಯನ್ ಹಿಮನದಿಗಳ ನೀರು ಹರಡಿದ ಬಯಲಿನಲ್ಲಿ ಕೇದಾರನಾಥ ಇದೆ, ಪಶ್ಚಿಮಕ್ಕೆ ಮಂದಾಕಿನಿ, ಪೂರ್ವಕ್ಕೆ ಸರಸ್ವತಿ. ಪೂರ್ವದ ಹಳೆಯ ಪಾತ್ರ ಬಹುಕಾಲ ಬತ್ತಿದ್ದರಿಂದ ಅದು ನದಿ ಎಂಬುದೇ ಮರೆತುಹೋಗಿ, ಆಸುಪಾಸು ಕಟ್ಟಡಗಳೆದ್ದಿದ್ದವು. 2013ರಲ್ಲಿ ನೀರು ಆ ಪಾತ್ರವನ್ನೂ ಮತ್ತೆ ಹಿಡಿಯಿತು. ದೇವಸ್ಥಾನ ಬಯಲಿನ ಉಬ್ಬಿದ ನಡುಭಾಗದಲ್ಲಿತ್ತು. ಕಟ್ಟಿದವರಿಗೆ ನೆಲ ಓದಲು ಬರುತ್ತಿತ್ತು ಎನ್ನಲು ಇಷ್ಟು ಸಾಕು.

ಕೆಳಗೆ ರಾಮ್‌ಬಾಡಾ ಎಂಬ ತಂಗುದಾಣ ಈ ಎರಡು ದಿನಗಳಲ್ಲಿ ಗುರುತೇ ಇಲ್ಲದಂತೆ ಅಳಿಸಿಹೋಯಿತು. ಗೌರಿಕುಂಡ, ಸೋನ್‌ಪ್ರಯಾಗಗಳಿಗೂ ಪೆಟ್ಟು ಬಿತ್ತು. ಉತ್ತರಾಖಂಡದಾದ್ಯಂತ ಸತ್ತವರು, ಕಾಣೆಯಾದವರ ಸಂಖ್ಯೆ ಐದು ಸಾವಿರ ದಾಟಿತು. ಅಷ್ಟನ್ನೂ ಕೆರೆಯ ತಲೆಗೆ ಕಟ್ಟುವುದು ಸರಿಯಲ್ಲ, ಹಿಂದಿನ ಸಂಜೆಯ ನೆರೆ ಮತ್ತು ಇತರ ಕಣಿವೆಗಳ ಭೂಕುಸಿತಗಳ ಪಾಲೂ ದೊಡ್ಡದು.

ಏನು ಅಳೆಯಬೇಕಿತ್ತು, ಏನು ಮಾಡಬಹುದಿತ್ತು

ಇಂಥ ಕೆರೆಗೆ ಬೇಕಾದ ಮೊದಲ ಅಳತೆ ನೀರಿನ ಮೇಲ್ಮೈಗೂ ಏರಿಯ ಅತಿ ತಗ್ಗಾದ ತಲೆಗೂ ನಡುವೆ ಎಷ್ಟು ಮೀಟರ್ ಇದೆ ಎಂಬುದು, ಅದೂ ಜೂನ್ ಮೊದಲ ವಾರದಲ್ಲಿ. ಎರಡನೆಯದು ಬುಡದ ಒಸರು: ವಿ-ಗಂಡಿ ಕೂರಿಸಿ ದಿನವೂ ಮಟ್ಟ ಬರೆಯುವುದು, ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ತಿಳಿಯೋ ಕದಡೋ ನೋಡುವುದು. ತಿಳಿನೀರು ಹೆಚ್ಚಾದರೆ ಕೆರೆ ತುಂಬುತ್ತಿದೆ ಎಂದರ್ಥ. ಕದಡು ಬಂದರೆ ಏರಿಯ ಮಣ್ಣು ಹೊರಬರುತ್ತಿದೆ, ಕೆಳಗಿನವರನ್ನು ಎಬ್ಬಿಸಬೇಕು. ಕೆರೆ ತುಂಬುತ್ತಿರುವಾಗಲೇ ಒಸರು ಹಠಾತ್ತನೆ ನಿಂತರೆ ಅದು ಇನ್ನೂ ಕೆಟ್ಟದ್ದು, ದಾರಿ ಕಟ್ಟಿದೆ. ಮೂರನೆಯದು ದಿಬ್ಬದೊಳಗೆ ಹಳೆಯ ಮಂಜುಗಡ್ಡೆ ಉಳಿದಿದೆಯೇ ಎಂದು ನೆಲಕ್ಕೆ ವಿದ್ಯುತ್ ಹರಿಸಿ ಅದರ ರೋಧ ಅಳೆದು ಅಥವಾ ನೆಲದ ರೇಡಾರ್‌ನಿಂದ ನೋಡುವುದು. ಮಂಜುಗಡ್ಡೆ ಇದ್ದರೆ ಅಗೆಯುವ ಯೋಜನೆಯನ್ನೇ ಬದಲಿಸಬೇಕು.

ನೀರಿಳಿಸಲು ಸೈಫನ್, ಅಂದರೆ ಏರಿಯ ಮೇಲಿಂದ ಹಾಯಿಸಿ ನೀರನ್ನು ಆಚೆಗೆ ಎಳೆಯುವ ಪೈಪು, ಎಲ್ಲರಿಗೂ ಮೊದಲು ಹೊಳೆಯುತ್ತದೆ. ದಕ್ಷಿಣ ಲ್ಹೊನಾಕ್‌ಗೆ 2016ರಲ್ಲಿ ಪ್ಲಾಸ್ಟಿಕ್ ಪೈಪುಗಳ ಸೈಫನ್ ಹಾಕಿದ್ದರು. ಆದರೆ ಸೈಫನ್ ಕೆಲಸ ಮಾಡುವುದು ಗಾಳಿಯ ಒತ್ತಡದಿಂದ. ಸಮುದ್ರ ಮಟ್ಟದಲ್ಲಿ ಅದು ತಾತ್ವಿಕವಾಗಿ 10 ಮೀಟರ್ ಎತ್ತಿದರೆ, 3,960 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 62 ಕಿಲೋಪಾಸ್ಕಲ್‌ಗೆ ಇಳಿದು ಮಿತಿ 6.3 ಮೀಟರ್ ಆಗುತ್ತದೆ. ಕೀಲುಗಳ ಸೋರಿಕೆ, ನೀರಿನಿಂದ ಬಿಡುಗಡೆಯಾಗುವ ಗಾಳಿಗುಳ್ಳೆ ಕಳೆದರೆ ನಾಲ್ಕೈದು ಮೀಟರ್ ದಕ್ಕಿದರೆ ಪುಣ್ಯ. ರಾತ್ರಿ ಹೆಪ್ಪುಗಟ್ಟಿ ಪೈಪು ಸೀಳುವುದು ಬೇರೆ. ಕೋಡಿ ತೋಡುವ ಕೆಲಸಕ್ಕೆ ಮುಂಚೆ ಮಟ್ಟ ತುಸು ತಗ್ಗಿಸಲು ಸೈಫನ್ ಸಾಕು, ಮಳೆಗಾಲದ ಪ್ರವಾಹಕ್ಕೆ ಅದು ಉಪಾಯವಲ್ಲ.

ಚೋರಾಬಾರಿಗೆ ಬೇಕಿದ್ದದ್ದು ಕೋಡಿ. ಏರಿಯ ಗಟ್ಟಿ ಭಾಗ ಆರಿಸಿ, ಕೆರೆ ತಗ್ಗಿರುವ ಕಾಲದಲ್ಲಿ ತೆರೆದ ಕಾಲುವೆ ತೋಡಿ, ತಳಕ್ಕೂ ಪಕ್ಕಗಳಿಗೂ ಬಲೆ ಬಿಗಿದ ಗುಂಡುಗಳನ್ನು ಹಾಸಿ, ಕೆಳತುದಿಯಲ್ಲಿ ನೀರು ಬೀಳುವ ಜಾಗದಲ್ಲಿ ಕೊರೆತ ತಡೆಯುವ ಕಲ್ಲುಗುಂಡಿ ಮಾಡಬೇಕು. ಹಾಸುಕಲ್ಲಿನ ಅಡಿಗೆ ಜಲ್ಲಿ ಮತ್ತು ಸೋಸುಬಟ್ಟೆಯ ಪದರ ಇಲ್ಲದಿದ್ದರೆ ಹೂಳು ಸಂದಿಯಿಂದ ಹೊರಟು ಇಡೀ ಹಾಸು ಕುಸಿಯುತ್ತದೆ. ತೋಡಿದ ಕೋಡಿಯೇ ಒಡೆಯುವ ಬಾಯಾಗುತ್ತದೆ. ನೇಪಾಳದಲ್ಲಿ ತ್ಸೋ ರೋಲ್ಪಾ ಕೆರೆಯನ್ನು 2000ದಲ್ಲಿ 3 ಮೀಟರ್, ಇಮ್ಜಾ ಕೆರೆಯನ್ನು 2016ರಲ್ಲಿ 3.4 ಮೀಟರ್ ಇಳಿಸಿದ್ದು ತೆರೆದ ಕಾಲುವೆಯಿಂದಲೇ. ಅವೆರಡೂ ಚೋರಾಬಾರಿಗಿಂತ ಎಷ್ಟೋ ಪಟ್ಟು ದೊಡ್ಡವು, ಎತ್ತರದಲ್ಲೂ ಮೇಲು. ಹಾಗಾಗಿ ಇಲ್ಲಿ ಎಂಜಿನಿಯರಿಂಗ್ ಅಡ್ಡಿಯಾಗಿರಲಿಲ್ಲ. ಸಣ್ಣದು, ಋತುವಿಗೆ ತುಂಬಿ ಬತ್ತುವಂಥದ್ದು ಎಂಬ ಕಾರಣಕ್ಕೆ ಆ ಕೆರೆ ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ.

ಈಗಿನ ಸ್ಥಿತಿ

ಒಡೆದ ಕಂಡಿಯೇ ಈಗ ಕೋಡಿ. ಅದು ಮುಚ್ಚದ ಹೊರತು ಹಳೆಯ ತಗ್ಗಿನಲ್ಲಿ ಹಳೆಯ ಮಟ್ಟಕ್ಕೆ ನೀರು ನಿಲ್ಲದು. ಊರಿನ ಹಿಂದೆ ಮೂರು ಹಂತದ ರಕ್ಷಣಾ ಗೋಡೆ ಎದ್ದಿದೆ, ನದಿಗಳ ದಂಡೆಗೆ ತಡೆಗೋಡೆಗಳಾಗಿವೆ, ಕಾಲುದಾರಿ ರಾಮ್‌ಬಾಡಾದ ಬಳಿ ನದಿ ದಾಟಿ ಎದುರು ದಂಡೆಯಿಂದ ಲಿಂಚೋಲಿಯ ಮೇಲೆ ಹೋಗುತ್ತದೆ. ಗೋಡೆಯ ಹಿಂದೆ ಕಲ್ಲುಮಣ್ಣು ತುಂಬಿದರೆ ಅದರ ಉಪಯುಕ್ತ ಎತ್ತರ ಅಷ್ಟೂ ಕಡಿಮೆಯಾಗುತ್ತದೆ, ಆದ್ದರಿಂದ ಮಳೆಗಾಲಕ್ಕೆ ಮುಂಚೆ ಹೂಳೆತ್ತುವುದು ಗೋಡೆ ಕಟ್ಟಿದಷ್ಟೇ ಮುಖ್ಯ.

2019ರ ಜೂನ್‌ನಲ್ಲಿ ಚೋರಾಬಾರಿ ತಾಲ್ ಮತ್ತೆ ತುಂಬಿದೆ ಎಂಬ ಸುದ್ದಿ ಹಬ್ಬಿತು. ವಾಡಿಯಾ ಸಂಸ್ಥೆಯವರು ನೋಡಿದಾಗ ಅದು ಊರಿಂದ ಸುಮಾರು ಐದು ಕಿಲೋಮೀಟರ್ ಮೇಲೆ, ಹಿಮನದಿಯ ಬೆನ್ನ ಮೇಲೆಯೇ ನಿಂತ ಬೇರೆ ನೀರು. ಅಂಥ ಹೊಂಡಗಳ ಏರಿ, ತಳ ಎರಡೂ ಮಂಜುಗಡ್ಡೆ. ಅವು ಸಾಮಾನ್ಯವಾಗಿ ಹಿಮನದಿಯೊಳಗಿನ ಸುರಂಗಗಳಿಗೆ ಬಸಿದುಹೋಗುತ್ತವೆ, ಮುಂದಿನ ವರ್ಷ ಇನ್ನೆಲ್ಲೋ ಕಾಣಿಸುತ್ತವೆ. ಅವುಗಳ ಲೆಕ್ಕಕ್ಕೆ ಒಸರು ಅಳೆಯುವ ಗಂಡಿಯೂ ತೆರೆದ ಕಾಲುವೆಯೂ ಬಾರವು. ಪ್ರತಿ ಜೂನ್‌ನಲ್ಲಿ ರೇಡಾರ್ ಚಿತ್ರ ತೆಗೆಸಿ ಹೊಸದಾಗಿ ಗುರುತಿಸಬೇಕು, ಹಿಮನದಿಯ ಮೂತಿಯಲ್ಲಿ ಹೊರಬೀಳುವ ನೀರಿನ ಮಟ್ಟವನ್ನು ಮಾಪಕವಿಟ್ಟು ಕಾಯಬೇಕು.